ಯಜಮಾನರು ಎಲ್ಲಿದ್ದಾರೆ: ಒಬ್ಬ ತಾಯಿ, ಒಬ್ಬ ಮಗಳು ಮತ್ತು ಸುತ್ತಲಿನವರ ಪ್ರಶ್ನೆಗಳು

ಮಕ್ಕಳ ವೈದ್ಯರೊಬ್ಬರು ನನ್ನ ಬಳಿಗೆ ಕಳಿಸಿದ ಪ್ರಕರಣವಿದು. ದಾವಣಗೆರೆಯ ಖಾಸಗಿ ಶಾಲೆಯೊಂದರಲ್ಲಿ ಎರಡನೆಯ ತರಗತಿ ಓದುತ್ತಿದ್ದ 7 ವರ್ಷದ ಹುಡುಗಿಗೆ ಶಾಲೆಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಬರುತ್ತಿತ್ತು. ಭಾನುವಾರಗಳಲ್ಲಿ, ಹಬ್ಬದ ರಜೆಗಳಲ್ಲಿ ಅದರ ಸುಳಿವೇ ಇರುತ್ತಿರಲಿಲ್ಲ. ರಕ್ತ, ಮೂತ್ರ, ಸ್ಕ್ಯಾನಿಂಗ್ ಎಲ್ಲವೂ ಸರಿಯಿದ್ದುದರಿಂದ ವೈದ್ಯರು ತಾಯಿಯನ್ನು ಕೂರಿಸಿಕೊಂಡು ಮನೆಯಲ್ಲಿ ಯಾರ್ಯಾರಿದ್ದೀರಿ ಎಂದು ವಿಚಾರಿಸಿದರು. ತಾಯಿ ಉತ್ತರ ಕೊಡದೆ ಮಗಳ ಕೈ ಹಿಡಿದು ಎದ್ದುಬಿಟ್ಟರು. ಆ ಪ್ರಶ್ನೆ ಚಿಕಿತ್ಸೆಗೆ ಬೇಕಾದದ್ದೇ ಆಗಿತ್ತು. ಆದರೆ ಮನೆಯೊಡತಿಯಿಂದ ಹಿಡಿದು ಶಾಲೆಯ ಗುಮಾಸ್ತರವರೆಗೆ ಎಲ್ಲರೂ ಅದನ್ನೇ ಕೇಳುತ್ತಿದ್ದಾಗ, ಯಾವುದು ಅಗತ್ಯದ ಪ್ರಶ್ನೆ, ಯಾವುದು ಕುತೂಹಲದ್ದು ಎಂದು ಬಿಡಿಸಿ ನೋಡುವ ತಾಳ್ಮೆ ಅವರಲ್ಲಿ ಉಳಿದಿರಲಿಲ್ಲ. ಕುಟುಂಬ ಸಮಾಲೋಚಕಿಯಾಗಿ ನಾನು ಇವರೊಂದಿಗೆ ನಡೆಸಿದ ಕೆಲಸವನ್ನು ತಾಯಿಯ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ, ಇಲ್ಲಿ ದಾಖಲಿಸುತ್ತಿದ್ದೇನೆ.

ಹಿನ್ನೆಲೆ

ತಾಯಿಗೆ 36 ವರ್ಷ. ತವರು ಧಾರವಾಡ, ಕೆಲಸ ಬ್ಯಾಂಕಿನಲ್ಲಿ. ಮಗಳಿಗೆ ಐದು ತುಂಬುವ ಹೊತ್ತಿಗೆ ಗಂಡ ಹೆಂಡತಿ ಬೇರೆಯಾಗಿದ್ದರು. ಆಮೇಲೆ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಡಿ, ಅಂದರೆ ಇಬ್ಬರ ಸಮ್ಮತಿಯ ಮೇಲೆ, ಕೌಟುಂಬಿಕ ನ್ಯಾಯಾಲಯದಲ್ಲಿ ವಿಚ್ಛೇದನವಾಯಿತು. ಮಗಳು ತಾಯಿಯ ವಶದಲ್ಲಿರುವುದೆಂದೂ, ತಿಂಗಳಿಗೊಂದು ಭಾನುವಾರ ತಂದೆ ಬಂದು ನೋಡಬಹುದೆಂದೂ ಒಪ್ಪಂದದಲ್ಲಿ ಬರೆದಿತ್ತು. ಹುಬ್ಬಳ್ಳಿಯಲ್ಲಿರುವ ತಂದೆ ಮೊದಮೊದಲು ಬಂದರು, ಆಮೇಲೆ ಫೋನಿನಲ್ಲಿ ಮಾತಾಡಿದರು, ಕೊನೆಗೆ ಅದೂ ನಿಂತಿತು. ಇದೇ ಸಮಯದಲ್ಲಿ ತಾಯಿಗೆ ದಾವಣಗೆರೆಗೆ ವರ್ಗಾವಣೆಯಾಯಿತು.

ಹೊಸ ಊರಿನಲ್ಲಿ ಮೊದಲ ತೊಡಕು ಮನೆಯದು. ‘ಫ್ಯಾಮಿಲಿಗೆ ಮಾತ್ರ’ ಎಂದು ಬೋರ್ಡು ಹಾಕಿದ ಮನೆಗಳಿಗೆ ಹೋಗಿ ನಾನು ಮತ್ತು ನನ್ನ ಮಗಳು ಇರುತ್ತೇವೆ ಎಂದಾಗ, ಅಡ್ವಾನ್ಸಿನ ಮಾತಿನವರೆಗೂ ಬಂದವರು ಮರುದಿನ ಫೋನ್ ಮಾಡಿ ಮನೆಯನ್ನು ನೆಂಟರಿಗೆ ಕೊಡುತ್ತಿದ್ದೇವೆ ಎಂದು ಹೇಳಿದರು. ತಾಯಿ ಮಗಳು ಕೂಡಿದ್ದು ಫ್ಯಾಮಿಲಿಯಲ್ಲವೆಂಬ ಈ ಲೆಕ್ಕ ಯಾವ ಕಾನೂನಿನಲ್ಲೂ ಇಲ್ಲ, ಆದರೂ ನಮ್ಮ ಊರುಗಳಲ್ಲಿ ಮನೆ ಕೊಡುವವರು ಅದನ್ನು ನಿಸ್ಸಂಕೋಚವಾಗಿ ಪಾಲಿಸುತ್ತಾರೆ. ಹೀಗೆ ಒಂದೆರಡು ಕಡೆ ಆದ ಮೇಲೆ, ಮುಂದಿನ ಮನೆಯೊಡತಿ “ಯಜಮಾನ್ರು ಎಲ್ಲಿದಾರೆ?” ಎಂದು ಕೇಳಿದಾಗ ತಾಯಿಯ ಬಾಯಿಂದ “ದುಬೈದಾಗ ಕೆಲಸದಾಗ ಅದಾರ್ರಿ” ಎಂಬ ಮಾತು ಬಂತು. ಮನೆ ಸಿಕ್ಕಿತು. ಈ ಸುಳ್ಳಿಗಾಗಿ ಆ ತಾಯಿಯನ್ನು ದೂರಲು ನನಗೆ ಮನಸ್ಸಿಲ್ಲ. ಶಾಲೆ ಶುರುವಾಗುವ ಮೊದಲು ಮಗುವಿಗೊಂದು ಸೂರು ಬೇಕಿತ್ತು. ನಿಜ ಹೇಳಿದವರಿಗೆ ಬಾಗಿಲು ಮುಚ್ಚಿದ್ದು ಊರು.

ಆದರೆ ಆ ಮಾತು ಆಡುವಾಗ ಮಗಳು ಪಕ್ಕದಲ್ಲೇ ನಿಂತಿದ್ದಳು. ಪ್ರಕರಣ ಶುರುವಾದದ್ದು ಅಲ್ಲಿಂದ.

ದುಬೈ ಮತ್ತು ವಾಚು

ಮನೆಯೊಡತಿಯ ಕುಟುಂಬ ಕೆಳಗೆ, ಇವರು ಮಹಡಿಯಲ್ಲಿ. ಶ್ರಾವಣದಲ್ಲಿ ವರಮಹಾಲಕ್ಷ್ಮಿ ಪೂಜೆಗೆ ಕೆಳಮನೆಯಿಂದ ಕರೆ ಬಂತು. ಹತ್ತು ಹನ್ನೆರಡು ಹೆಂಗಸರು ಕೂತ ಪಡಸಾಲೆಯಲ್ಲಿ ಅರಿಶಿನ ಕುಂಕುಮ ಕೊಡುತ್ತ ಬಂದ ಮನೆಯೊಡತಿಯ ಅತ್ತೆ, ತಟ್ಟೆಯನ್ನು ಹಾಗೆಯೇ ಹಿಡಿದು, “ಕೊರಳಲ್ಲಿ ತಾಳಿ ಕಾಣ್ತಿಲ್ವಲ್ಲಮ್ಮ, ಯಜಮಾನ್ರು ಚೆನ್ನಾಗಿದಾರಲ್ವ?” ಎಂದು ಕೇಳಿದರು. ಕನ್ನಡದ ಮನೆಗಳಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ಒಳಗಿರುವುದು ಏನೆಂದು ವಿವರಿಸಬೇಕಾಗಿಲ್ಲ. ಎದುರಿಗೆ ಕೂತವಳು ಮುತ್ತೈದೆಯೋ ಅಲ್ಲವೋ, ಕುಂಕುಮ ಕೊಡಬಹುದೋ ಕೊಡಬಾರದೋ ಎಂಬುದನ್ನು ಎಲ್ಲರ ಮುಂದೆ ಅವಳ ಬಾಯಿಂದಲೇ ಹೇಳಿಸುವ ಪ್ರಶ್ನೆ ಅದು. ವಿಧವೆಯರು ಇದನ್ನು ತಲೆಮಾರುಗಳಿಂದ ಎದುರಿಸುತ್ತ ಬಂದಿದ್ದಾರೆ. ವಿಚ್ಛೇದಿತೆಯರ ವಿಷಯದಲ್ಲಿ ಸಂಪ್ರದಾಯ ಸ್ಪಷ್ಟವಾಗಿ ಏನನ್ನೂ ಹೇಳದೆ ಇರುವುದರಿಂದ, ಕೇಳುವವರು ತಮಗೆ ತೋಚಿದ ತೀರ್ಪನ್ನು ಅಲ್ಲಿಯೇ ಕೊಟ್ಟುಬಿಡುತ್ತಾರೆ.

ತಾಯಿ ಮಾತು ಹುಡುಕುತ್ತಿರುವಾಗಲೇ, ಕೋಸಂಬರಿಯ ತಟ್ಟೆ ಹಿಡಿದು ಕೂತಿದ್ದ ಮಗಳು ಉತ್ತರ ಕೊಟ್ಟಳು: “ಪಪ್ಪಾ ದುಬೈದಾಗ ಅದಾರ. ದೀಪಾವಳಿಗೆ ಬರ್ತಾರ, ನನಗ ವಾಚ್ ತರ್ತಾರ.” ದೀಪಾವಳಿಯನ್ನಾಗಲಿ ವಾಚನ್ನಾಗಲಿ ತಾಯಿ ಎಂದೂ ಹೇಳಿರಲಿಲ್ಲ. ಅದೇ ವಾರ ವಿಚಾರಿಸಿದಾಗ, ಶಾಲೆಯಲ್ಲೂ ಹುಡುಗಿ ಇದನ್ನು ಹೇಳಿಕೊಂಡಿದ್ದಾಳೆಂದೂ, ಅಪ್ಪ ರಾತ್ರಿ ಹೊತ್ತು ವಿಡಿಯೋ ಕಾಲ್ ಮಾಡುತ್ತಾರೆಂದು ಗೆಳತಿಯರಿಗೆ ಕಥೆ ಕಟ್ಟಿದ್ದಾಳೆಂದೂ ತಿಳಿಯಿತು. ಗೆಳತಿಯರು ವಿಡಿಯೋ ತೋರಿಸು ಎಂದು ಕೇಳತೊಡಗಿದ್ದರು. ಹೊಟ್ಟೆನೋವು ಶುರುವಾದದ್ದೂ ಆ ದಿನಗಳಲ್ಲಿಯೇ.

ಇಲ್ಲಿ ಮಗು ಸುಳ್ಳು ಕಲಿತಿತು ಎಂದು ತೀರ್ಮಾನಿಸಿದರೆ ಪ್ರಕರಣ ಅರ್ಥವಾಗುವುದಿಲ್ಲ. ಮಗುವಿಗೆ ಅಪ್ಪ ಅಮ್ಮ ಬೇರೆಯಾದ ವಿಷಯವನ್ನು ಯಾರೂ ಕೂರಿಸಿಕೊಂಡು ಹೇಳಿರಲಿಲ್ಲ. ಧಾರವಾಡದ ಮನೆಯಲ್ಲಿ ದೊಡ್ಡವರು ದನಿ ತಗ್ಗಿಸಿ ಮಾತಾಡಿದ್ದನ್ನು ಅದು ಕೇಳಿತ್ತು, ಭಾನುವಾರ ಬರುತ್ತಿದ್ದ ಅಪ್ಪ ಬರದೇ ಹೋದದ್ದನ್ನು ಕಂಡಿತ್ತು. ಹೀಗಿರುವಾಗ ಅಮ್ಮನೇ ಒಬ್ಬ ಅಪರಿಚಿತರ ಮುಂದೆ ಅಪ್ಪ ದುಬೈಯಲ್ಲಿದ್ದಾರೆ ಎಂದಾಗ, ಅಷ್ಟು ದಿನ ಸಿಗದಿದ್ದ ಉತ್ತರ ಅದಕ್ಕೆ ಸಿಕ್ಕಿತು. ಅಪ್ಪ ತನ್ನನ್ನು ಬಿಟ್ಟುಹೋಗಿಲ್ಲ, ದೂರದಲ್ಲಿ ದುಡಿಯುತ್ತಿದ್ದಾರೆ. ಅದರ ಪಾಲಿಗೆ ಅದು ಮನೆಯೊಡತಿಗೆ ಹೇಳಿದ ಸುಳ್ಳಾಗಿರಲಿಲ್ಲ, ತನಗೆ ಹೇಳಿದ ಸುದ್ದಿಯಾಗಿತ್ತು. ಆದರೂ ಎಲ್ಲೋ ಒಂದು ಕಡೆ ಅದಕ್ಕೆ ಅನುಮಾನವಿತ್ತು, ಇಲ್ಲದಿದ್ದರೆ ಗೆಳತಿಯರ ಮುಂದೆ ಪುರಾವೆ ಕಟ್ಟುವ ಅಗತ್ಯ ಬೀಳುತ್ತಿರಲಿಲ್ಲ.

ಆದ್ದರಿಂದ ಕೆಲಸದ ಕ್ರಮವನ್ನು ನಾನು ತಿರುಗಿಸಿದೆ. ತಾಯಿ ಬಂದದ್ದು ಮನೆಯೊಡತಿಯ ಅತ್ತೆಗೆ, ಶಾಲೆಯವರಿಗೆ, ಸೋದರತ್ತೆಗೆ ಏನು ಉತ್ತರ ಕೊಡಬೇಕೆಂದು ಕೇಳಲು. ಹೊರಗಿನವರಿಗೆ ಏನು ಹೇಳಬೇಕೆಂಬುದು ಆಮೇಲಿನ ಮಾತು, ಮಗುವಿಗೆ ನಿಜ ಗೊತ್ತಾಗದೆ ಅದನ್ನು ತೀರ್ಮಾನಿಸಲು ಬರುವುದೇ ಇಲ್ಲ ಎಂದು ಹೇಳಿದೆ. ಒಂಟಿಯಾಗಿ ಮಕ್ಕಳನ್ನು ಬೆಳೆಸುವವರಿಗೆ ಸಿಗುವ ಸಲಹೆಗಳಲ್ಲಿ ಬಹುಪಾಲು, ಕೇಳಿದವರ ಬಾಯಿ ಮುಚ್ಚಿಸುವ ಚುರುಕು ಉತ್ತರಗಳ ಸುತ್ತಲೇ ತಿರುಗುತ್ತವೆ. ಅಂಥ ಉತ್ತರಗಳಿಂದ ದೊಡ್ಡವರಿಗೆ ಆ ಗಳಿಗೆಯ ಸಮಾಧಾನ ಸಿಗಬಹುದು. ಪಕ್ಕದಲ್ಲಿ ನಿಂತ ಮಗು ಮಾತ್ರ, ನಮ್ಮ ಮನೆಯ ಬಗ್ಗೆ ಕೇಳಿದರೆ ಸಿಟ್ಟು ಬರುವಂಥದ್ದು ಏನೋ ಇದೆ ಎಂದು ಅರ್ಥ ಮಾಡಿಕೊಳ್ಳುತ್ತದೆ.

ಮಗುವಿಗೆ ಹೇಳಿದ್ದು

ಇದಕ್ಕೆ ತಾಯಿಯನ್ನು ಸಿದ್ಧಗೊಳಿಸಲು ಹಲವು ಭೇಟಿಗಳು ಬೇಕಾದವು. ನಿಜ ಗೊತ್ತಾದರೆ ಮಗು ಒಡೆದುಹೋಗುತ್ತದೆ ಎಂಬುದು ಅವರ ಮೊದಲ ಭಯ. ಗೊತ್ತಾದರೆ ಊರಿಗೆಲ್ಲ ಹೇಳಿಬಿಡುತ್ತದೆ ಎಂಬುದು ಎರಡನೆಯದು. ಮೊದಲನೆಯದಕ್ಕೆ ನಾನು ಹೇಳಿದ್ದಿಷ್ಟು: ಈ ವಯಸ್ಸಿನ ಮಕ್ಕಳು ಮನೆಯಲ್ಲಿ ನಡೆದದ್ದಕ್ಕೆ ಕಾರಣ ಸಿಗದಿದ್ದಾಗ ತಮ್ಮನ್ನೇ ಕಾರಣವಾಗಿ ಮಾಡಿಕೊಳ್ಳುವುದು ಸಾಮಾನ್ಯ, ಆದ್ದರಿಂದ ಹೇಳದೇ ಇರುವುದು ಮಗುವನ್ನು ಕಾಪಾಡುವುದಿಲ್ಲ. ಎರಡನೆಯದು ನಿಜವೇ ಆಗಬಹುದಿತ್ತು, ಹೇಳಿದರೆ ಹೇಳಲಿ ಎಂದು ಒಪ್ಪಿಕೊಳ್ಳುವ ಹೊರತು ಅದಕ್ಕೆ ಬೇರೆ ಉಪಾಯವಿರಲಿಲ್ಲ. ಆ ಒಪ್ಪಿಗೆಗೆ ಬರುವುದೇ ತಾಯಿಗೆ ಎಲ್ಲಕ್ಕಿಂತ ಕಷ್ಟವಾಯಿತು.

ಯಾವ ಮಾತಿನಲ್ಲಿ ಹೇಳಬೇಕೆಂಬುದನ್ನು ಕೂತು ಬರೆದೆವು. ಗಂಡನ ತಪ್ಪುಗಳು ಅದರಲ್ಲಿ ಇರಕೂಡದು, ಅವರು ಮತ್ತೆ ಬರುತ್ತಾರೆಂಬ ಭರವಸೆಯೂ ಇರಕೂಡದು. ಕೊನೆಗೆ ಉಳಿದದ್ದು ಇದು: “ಪಪ್ಪಾ ಮತ್ತ ನಾನು ಇನ್ನ ಮ್ಯಾಲೆ ಬ್ಯಾರೆ ಬ್ಯಾರೆ ಮನ್ಯಾಗ ಇರೋದು ಅಂತ ನಾವು ದೊಡ್ಡವರು ಕೂತು ಮಾತಾಡಿ ಠರಾಯಿಸೇವಿ. ಅದಕ್ಕ ನೀ ಏನೂ ಮಾಡಿಲ್ಲ. ಪಪ್ಪಾ ದುಬೈದಾಗ ಇಲ್ಲ, ಹುಬ್ಬಳ್ಳ್ಯಾಗ ಅದಾರ. ಮನಿ ಸಿಗಲಿ ಅಂತ ನಾ ಹಂಗ ಹೇಳಿದ್ದೆ, ಅದು ಖರೆ ಅಲ್ಲ. ನೀ ನನ್ನ ಜೋಡಿನ ಇರ್ತಿ.” ಒಂದು ಶನಿವಾರ ಮಧ್ಯಾಹ್ನ, ಮರುದಿನ ಶಾಲೆಯಿಲ್ಲದ ಹೊತ್ತು ನೋಡಿ, ತಾಯಿ ಇದನ್ನು ಹೇಳಿದರು. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ವಾಚು?” ಎಂದು ಕೇಳಿದಳಂತೆ. ವಾಚು ಬರುವುದಿಲ್ಲ ಎಂದು ತಾಯಿ ಹೇಳಿದ ಮೇಲೆ ಅತ್ತಳು, ರಾತ್ರಿಯೂ ಅತ್ತಳು. ಪರಿಹಾರವಾಗಿ ಮರುದಿನವೇ ತಾನೊಂದು ವಾಚು ಕೊಡಿಸಲೇ ಎಂದು ತಾಯಿ ನನಗೆ ಫೋನ್ ಮಾಡಿದರು. ಬೇಡವೆಂದೆ. ಆ ಅಳು ವಾಚಿಗಾಗಿ ಆಗಿರಲಿಲ್ಲ, ಅದನ್ನು ಅಂಗಡಿಯಿಂದ ತಂದು ನಿಲ್ಲಿಸುವುದು ಸರಿಯೆಂದು ನನಗೆ ಅನ್ನಿಸಲಿಲ್ಲ.

ಸೋಮವಾರ ಬೆಳಿಗ್ಗೆ ಹುಡುಗಿ ಕೇಳಿದ ಪ್ರಶ್ನೆ ನಮ್ಮ ಮುಂದಿನ ಕೆಲಸಕ್ಕೆ ದಾರಿಯಾಯಿತು: “ಶಾಲ್ಯಾಗ ಕೇಳಿದ್ರ ಏನ್ ಹೇಳ್ಲಿ?” ಅವಳಿಗೆ ಎರಡು ಮಾತುಗಳನ್ನು ಕೊಟ್ಟೆವು. ಮೊದಲನೆಯದು, “ನಮ್ಮ ಮನ್ಯಾಗ ನಾನು, ಅಮ್ಮ ಇರ್ತೇವಿ. ಪಪ್ಪಾ ಹುಬ್ಬಳ್ಳ್ಯಾಗ ಇರ್ತಾರ.” ಇದರಲ್ಲಿ ಸುಳ್ಳಿಲ್ಲ, ಮತ್ತೆ ನೆನಪಿಟ್ಟುಕೊಂಡು ಕಾಪಾಡಬೇಕಾದ್ದೂ ಏನಿಲ್ಲ. ಎರಡನೆಯದು ಇನ್ನೂ ಕೆದಕುವ ದೊಡ್ಡವರಿಗೆ: “ಅದನ್ನ ಅಮ್ಮನ್ನ ಕೇಳ್ರಿ.” ಇದನ್ನು ಯಾರಿಗೂ ಹೇಳಬೇಡ ಎಂಬ ಕಟ್ಟಪ್ಪಣೆಯನ್ನು ಬೇಕೆಂದೇ ಕೊಡಲಿಲ್ಲ. ಹೇಳಬೇಡ ಎಂದ ಕೂಡಲೇ ಅದು ನಾಚಿಕೆಯ ವಿಷಯವಾಗುತ್ತದೆ. ಹೇಳಲೇಬೇಕಾಗಿಲ್ಲ ಎಂದಾಗ ಮಗುವಿಗೆ ಉಸಿರಾಡಲು ಜಾಗ ಸಿಗುತ್ತದೆ. ಆಪ್ತ ಗೆಳತಿಗೆ ಹೇಳಬೇಕೆನ್ನಿಸಿದರೆ ಹೇಳಬಹುದು ಎಂದೂ ತಿಳಿಸಿದೆವು. ಅವಳು ಹೇಳಿಕೊಂಡಳು. ಆ ಗೆಳತಿಯ ಪ್ರತಿಕ್ರಿಯೆ ಏನಿತ್ತೆಂದರೆ, ನಮ್ಮ ಅಪ್ಪ ಲಾರಿ ಓಡಿಸುತ್ತಾರೆ, ಅವರೂ ಮನೆಯಲ್ಲಿ ಇರುವುದಿಲ್ಲ.

ದೊಡ್ಡವರಿಗೆ ಕೊಟ್ಟ ಉತ್ತರಗಳು

ಮಗುವಿನ ಮಾತು ನಿಶ್ಚಯವಾದ ಮೇಲೆ ತಾಯಿಯ ಉತ್ತರಗಳು ತಾವಾಗಿಯೇ ಒಂದು ರೂಪಕ್ಕೆ ಬಂದವು, ಏಕೆಂದರೆ ಮಗು ಒಂದು ಹೇಳಿ ತಾಯಿ ಇನ್ನೊಂದು ಹೇಳಲು ಬರುವಂತಿರಲಿಲ್ಲ. ಮೊದಲು ಸರಿಪಡಿಸಬೇಕಾಗಿದ್ದು ದುಬೈಯ ಮಾತನ್ನು. ಮನೆಯೊಡತಿ ಒಬ್ಬರೇ ಇದ್ದ ಹೊತ್ತು ನೋಡಿ ತಾಯಿ ಕೆಳಗಿಳಿದು ಹೋಗಿ, “ಅಕ್ಕಾರ, ಮನಿ ಕೇಳ್ಲಿಕ್ಕೆ ಬಂದಾಗ ನಾ ಹೇಳಿದ್ದು ಖರೆ ಅಲ್ರಿ. ನಮಗ ಡೈವೋರ್ಸ್ ಆಗೇದ. ಮಗಳು ನನ್ನ ಕಡೆನ ಇರ್ತಾಳ, ಬಾಡಿಗಿ ನಾನ ಕೊಡೋದು. ಆಕಿ ಮುಂದ ಮಾತ್ರ ಈ ವಿಷಯ ತಗೀಬ್ಯಾಡ್ರಿ” ಎಂದರು. ಮನೆಯೊಡತಿ ಕೂಡಲೇ ಏನೂ ಹೇಳಲಿಲ್ಲ. ಆಮೇಲೆ, “ಮೊದ್ಲೇ ಹೇಳಿದ್ರೆ ನಮ್ಮತ್ತೆ ಮನೆ ಕೊಡೋಕೆ ಬಿಡ್ತಿರ್ಲಿಲ್ಲ” ಎಂದರು. ಅದು ಅವರ ಪ್ರಾಮಾಣಿಕ ಮಾತು. ಮನೆ ಖಾಲಿ ಮಾಡಿಸಲಿಲ್ಲ.

ಈ ಮಾತುಕತೆಯಲ್ಲಿ ಕೆಲಸ ಮಾಡಿದ್ದು ಅದರ ಕೊನೆಯ ವಾಕ್ಯವೆಂದು ನನ್ನ ಅಭಿಪ್ರಾಯ. ಕೇಳಬೇಡಿ ಎಂದಷ್ಟೇ ಹೇಳಿದರೆ ನಮ್ಮವರು ಅದನ್ನು ಅಹಂಕಾರವೆಂದು ಎಣಿಸುತ್ತಾರೆ. ಮಗುವಿನ ಮುಂದೆ ಬೇಡ ಎಂದಾಗ ಕೇಳುವವರಿಗೂ ಒಂದು ಜವಾಬ್ದಾರಿ ಬರುತ್ತದೆ. ಅದನ್ನು ಮೀರಿದರೆ ಮಗುವನ್ನು ನೋಯಿಸಿದ ದೋಷ ತಮ್ಮ ಮೇಲೆ ಬರುತ್ತದೆಂದು ಅವರಿಗೆ ಗೊತ್ತು. ನಮ್ಮಲ್ಲಿ ಪರಿಚಯವಾಗುವುದೆಂದರೆ ಯಾವೂರು, ಯಾರ ಪೈಕಿ, ಮನೆಯಲ್ಲಿ ಎಷ್ಟು ಜನ ಎಂದು ಕೇಳಿಕೊಳ್ಳುವುದೇ ಆಗಿದೆ. ಬಸ್ಸಿನಲ್ಲಿ ಪಕ್ಕ ಕೂತ ಅಜ್ಜಿ ಕೇಳುವ “ನಿಮ್ಮನೆಯವ್ರು ಏನ್ ಮಾಡ್ತಾರವ್ವ?” ಎಂಬುದರಲ್ಲಿ ಹೆಚ್ಚಿನ ಸಲ ಕೆಡುಕಿಲ್ಲ, “ನಾನು ಮಗಳು ಇರೋದು ಅಜ್ಜಿ, ನಿಮ್ಮದು ಯಾವೂರು?” ಎಂದರೆ ಮಾತು ಅವರ ಮೊಮ್ಮಕ್ಕಳ ಕಡೆ ಹೊರಳುತ್ತದೆ. ಉತ್ತರ ಸಿಕ್ಕ ಮೇಲೂ ಯಾಕೆ, ಯಾರದು ತಪ್ಪು, ಜೀವನಾಂಶ ಎಷ್ಟು ಎಂದು ಮುಂದುವರಿಯುವವರಿಗೆ ಮಾತ್ರ ಬೇರೆ ದನಿ ಬೇಕು. ತಾಯಿ ಅಂಥವರಿಗೆ ಆರಿಸಿಕೊಂಡದ್ದು, “ಅದು ಮುಗದ ಹೋದ ವಿಷಯರಿ, ನಾ ಅದರ ಬಗ್ಗೆ ಮಾತಾಡೂದಿಲ್ಲ.” ಕಾರಣ ಹೇಳಲಿಲ್ಲ, ಏಕೆಂದರೆ ಹೇಳಿದ ಪ್ರತಿ ಕಾರಣವೂ ಮತ್ತೊಂದು ಪ್ರಶ್ನೆಗೆ ಹಿಡಿಕೆಯಾಗುತ್ತದೆ. ಎರಡನೆಯ ಸಲ ಕೇಳಿದರೂ ಅದೇ ಮಾತು, ಅದೇ ದನಿಯಲ್ಲಿ.

ಬ್ಯಾಂಕಿನ ಸಹೋದ್ಯೋಗಿಗಳ ವಿಷಯ ಬೇಗ ಮುಗಿಯಿತು. ನಾಮಿನಿ ಬದಲಾವಣೆ, ವೈದ್ಯಕೀಯ ವಿಮೆಯಲ್ಲಿ ಅವಲಂಬಿತರ ಹೆಸರು ಇವೆಲ್ಲ ಕಾಗದದ ಅಗತ್ಯಗಳಾದ್ದರಿಂದ ತಾಯಿ ಸಂಬಂಧಪಟ್ಟ ವಿಭಾಗಕ್ಕೆ ಮಾತ್ರ ಬರೆದುಕೊಟ್ಟರು. ಊಟದ ಹೊತ್ತಿನ ಮಾತಿಗೆ ಮೇಲಿನ ಉತ್ತರವೇ ಸಾಕಾಯಿತು.

ಸಂಬಂಧಿಕರದು ಹಾಗಲ್ಲ. ಧಾರವಾಡದ ಮದುವೆಯೊಂದರಲ್ಲಿ ಸೋದರತ್ತೆ ಪಂಕ್ತಿಯ ನಡುವೆಯೇ, “ಸ್ವಲ್ಪ ತಾಳಿಕೊಂಡಿದ್ರ ಇವತ್ತ ಜೋಡೀಲೆ ಬರ್ತಿದ್ದಿ” ಎಂದಿದ್ದರು. ಹಿರಿಯರ ಎದುರು ‘ಮಾತಾಡುವುದಿಲ್ಲ’ ಎಂಬ ಉತ್ತರ ಕೆಲಸ ಮಾಡದು. ಅಲ್ಲಿ ಸಮಾನರೋ ಹಿರಿಯರೋ ಆದ ಇನ್ನೊಬ್ಬರು ಮಾತು ತೆಗೆದುಕೊಳ್ಳಬೇಕು. ತಾಯಿಯ ಅಣ್ಣನೊಂದಿಗೆ ನಾನು ಫೋನಿನಲ್ಲಿ ಮಾತಾಡಿದೆ. ಮುಂದಿನ ಕಾರ್ಯದಲ್ಲಿ ಅದೇ ಮಾತು ಬಂದಾಗ ಅವರು, “ಅತ್ತಿ, ಅದನ್ನ ನಾವೆಲ್ಲ ಕೂಡಿ ಮಾಡಿದ್ದು. ಏನರ ಕೇಳೂದಿದ್ರ ನನಗ ಕೇಳ್ರಿ” ಎಂದರು. ಅಲ್ಲಿಗೆ ನಿಂತಿತು. ಒಂಟಿ ತಾಯಿಯ ಧೈರ್ಯವನ್ನು ಹೊಗಳುವವರು ಬೇಕಾದಷ್ಟಿದ್ದಾರೆ, ಅವಳ ಪರವಾಗಿ ಒಂದು ವಾಕ್ಯ ಆಡುವವರು ಕಡಿಮೆ. ಮನೆಯ ಗಂಡಸೊಬ್ಬರು ಆಡಿದ್ದರಿಂದಲೇ ಆ ಮಾತಿಗೆ ಬೆಲೆ ಬಂತೆಂಬುದು ನನಗೆ ಸಂತೋಷ ಕೊಡುವ ಸಂಗತಿಯಲ್ಲ. ಆದರೆ ಈ ತಾಯಿಗೆ ಆ ದಿನ ಅದು ಬೇಕಾಗಿತ್ತು.

ಇನ್ನೊಂದು ತೂತು ಮನೆಯೊಳಗೇ ಇತ್ತು. ತಾಯಿಯ ತಾಯಿ, ಅಂದರೆ ಹುಡುಗಿಯ ಅಜ್ಜಿ, ಫೋನ್ ಮಾಡಿದ ನೆಂಟರಿಗೆಲ್ಲ ನ್ಯಾಯಾಲಯದ ಕಥೆಯನ್ನು ಮೊದಲಿಂದ ಹೇಳುತ್ತಿದ್ದರು. ಮಗಳ ನೋವು ಅವರದೂ ಆಗಿದ್ದರಿಂದ ಹಂಚಿಕೊಳ್ಳದೆ ಇರಲು ಅವರಿಗೆ ಆಗುತ್ತಿರಲಿಲ್ಲ. ನಿಮಗೆ ಬೇಕೆನಿಸಿದಾಗ ನಿಮ್ಮ ತಂಗಿಯೊಬ್ಬರ ಮುಂದೆ ಮನಸ್ಸು ಬಿಚ್ಚಿ ಮಾತಾಡಿ, ಉಳಿದವರಿಗೆ ಮೊಮ್ಮಗಳು ಹೇಳುವಷ್ಟೇ ಹೇಳಿ ಎಂದಾಗ ಅವರು ಒಪ್ಪಿದರು. ಬಹುಮಟ್ಟಿಗೆ ನಡೆಸಿಕೊಂಡೂ ಬಂದರು.

ಮನೆ ಬಾಗಿಲಿಗೆ ಬರುವ ಅಪರಿಚಿತರ ಪ್ರಶ್ನೆಯನ್ನು ಮಾತ್ರ ಇವೆಲ್ಲದರಿಂದ ಬೇರೆ ಇಟ್ಟೆವು. ಸಿಲಿಂಡರ್ ತರುವವರೋ, ಕೇಬಲ್ ರಿಪೇರಿಯವರೋ “ಮನೇಲಿ ಗಂಡಸ್ರು ಯಾರಿಲ್ವ?” ಎಂದು ಕೇಳಿದಾಗ ಅಲ್ಲಿರುವುದು ಸುರಕ್ಷತೆಯ ವಿಷಯ, ಅವರಿಗೆ ನಿಜ ಹೇಳುವ ಹಂಗು ಯಾರಿಗೂ ಇಲ್ಲ. ಆದರೂ ಇಷ್ಟೆಲ್ಲ ಆದ ಮೇಲೆ ಮಗುವಿನ ಎದುರು ಇನ್ನೊಂದು ಕಟ್ಟುಕಥೆ ಬೇಡವೆಂದು, ಮನೆಯಲ್ಲಿ ಯಾರಿದ್ದಾರೆ ಯಾರಿಲ್ಲ ಎಂಬುದನ್ನೇ ಹೇಳದ ಮಾತನ್ನು ರೂಢಿಸಿದೆವು: “ಏನ್ ಬೇಕು ಹೇಳ್ರಿ, ಕೆಳಗಿನ ಮನ್ಯಾವ್ರನ್ನ ಕರೀತೀನಿ.”

ಶಾಲೆ ಮತ್ತು ಕಾಗದಪತ್ರ

ಶಾಲೆಯಲ್ಲಿ ತೊಂದರೆ ಎರಡು ಕಡೆಯಿಂದ ಬರುತ್ತಿತ್ತು. ಪ್ರವೇಶದ ಸಮಯದಲ್ಲಿ ಕಚೇರಿಯವರು ತಂದೆ ತಾಯಿ ಇಬ್ಬರೂ ಸಂದರ್ಶನಕ್ಕೆ ಬರಬೇಕೆಂದು, ಅರ್ಜಿಯಲ್ಲಿ ತಂದೆಯ ಸಹಿ ಬೇಕೇ ಬೇಕೆಂದು ಪಟ್ಟು ಹಿಡಿದಿದ್ದರು. ಆಮೇಲೆ ತರಗತಿಯಲ್ಲಿ ಕುಟುಂಬದ ಪಾಠ ಬಂದಾಗ, ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಅಪ್ಪ ಏನು ಕೆಲಸ ಮಾಡುತ್ತಾರೆ ಎಂದು ಹೇಳಿಸಲಾಗಿತ್ತು. ಹುಡುಗಿ ದುಬೈ ಎಂದದ್ದು ಆಗ.

ತಾಯಿ ನನ್ನಲ್ಲಿಗೆ ಬರುವಾಗಲೇ ಸುಪ್ರೀಂ ಕೋರ್ಟಿನ 2015ರ ತೀರ್ಪಿನ ಸುದ್ದಿಯನ್ನು ಕತ್ತರಿಸಿ ಇಟ್ಟುಕೊಂಡಿದ್ದರು; ಅದನ್ನು ಹಿಡಿದು ಮಗಳ ಎಲ್ಲ ದಾಖಲೆಗಳಿಂದ ತಂದೆಯ ಹೆಸರು ತೆಗೆಸಬೇಕೆಂಬುದು ಅವರ ಹಟವಾಗಿತ್ತು. ಪರಿಚಿತ ವಕೀಲರೊಬ್ಬರೊಂದಿಗೆ ಕೂತು ಇದನ್ನು ಬಿಡಿಸಿ ನೋಡಿದೆವು. ಆ ತೀರ್ಪು ಅವಿವಾಹಿತ ತಾಯಿಯೊಬ್ಬರ ಪ್ರಕರಣದ್ದು. ತಂದೆಯ ಹೆಸರು ಬಹಿರಂಗಪಡಿಸದೆ, ಅವನಿಗೆ ನೋಟಿಸು ಕೊಡದೆ ತಾಯಿ ಮಗುವಿನ ಪೋಷಕಿಯಾಗಲು ಅರ್ಜಿ ಹಾಕಬಹುದೆಂದು ಅದರಲ್ಲಿ ಹೇಳಿದೆ. ಒಂಟಿ ಪೋಷಕರು ಮಗುವಿನ ಜನನ ಪ್ರಮಾಣಪತ್ರ ಕೇಳಿದಾಗ ಪ್ರಮಾಣ ಮಾಡಿ ಬರೆದ ಹೇಳಿಕೆ, ಅಂದರೆ ಅಫಿಡವಿಟ್, ಪಡೆದು ಅದನ್ನು ಕೊಡಬೇಕೆಂದೂ ಸೂಚಿಸಿದೆ. ಮದುವೆಯೊಳಗೆ ಹುಟ್ಟಿ, ಜನನ ನೋಂದಣಿಯಲ್ಲಿ ತಂದೆಯ ಹೆಸರು ದಾಖಲಾಗಿರುವ ಮಗುವಿನ ವಿಷಯ ಬೇರೆ. ವಿಚ್ಛೇದನವಾಯಿತೆಂದು ಆ ಹೆಸರು ಅಳಿಯುವುದಿಲ್ಲ. ಅಳಿಸಬೇಕಾದ ಅಗತ್ಯವೂ ಇಲ್ಲವೆಂದು ನಾನು ತಾಯಿಗೆ ಹೇಳಿದೆ. ಅದು ಮಗಳಿಗೆ ಸೇರಿದ ಹೆಸರು, ತಾಯಿಯ ಸಿಟ್ಟಿಗೆ ಸೇರಿದ್ದಲ್ಲ. ಈ ಮಾತು ಅವರಿಗೆ ಹಿಡಿಸಲಿಲ್ಲ, ಒಪ್ಪಲು ಸಮಯ ಬೇಕಾಯಿತು.

ಅವರಿಗೆ ನಿಜವಾಗಿ ಬೇಕಾಗಿದ್ದುದು ತಾನೊಬ್ಬಳೇ ಸಹಿ ಹಾಕುವ ಅಧಿಕಾರ. ಅದಕ್ಕೆ ಆಧಾರ ಗಟ್ಟಿಯಾಗಿಯೇ ಇತ್ತು. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆಯ 6ನೆಯ ಕಲಮು ತಂದೆಯನ್ನು, ‘ಅವನ ನಂತರ’ ತಾಯಿಯನ್ನು ಸಹಜ ಪೋಷಕರೆಂದು ಕರೆದಿದ್ದರೂ, ನಂತರ ಎಂದರೆ ಅವನು ಸತ್ತ ಮೇಲೆ ಎಂದೇ ತಿಳಿಯಬೇಕಾಗಿಲ್ಲ, ಮಗುವಿನ ಹೊಣೆಯನ್ನು ತಂದೆ ನಿಭಾಯಿಸದೆ ದೂರವಿದ್ದಾಗಲೂ ತಾಯಿ ಸಹಜ ಪೋಷಕಿಯೇ ಎಂದು 1999ರಲ್ಲಿ ಗೀತಾ ಹರಿಹರನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಅರ್ಥೈಸಿತು. ಇವರ ಕೈಯಲ್ಲಂತೂ ಮಗಳನ್ನು ತಾಯಿಯ ವಶಕ್ಕೆ ಕೊಟ್ಟ ನ್ಯಾಯಾಲಯದ ಆದೇಶವೇ ಇತ್ತು. ಸರ್ಕಾರಿ ಕಚೇರಿಗಳೂ ಈ ದಿಕ್ಕಿನಲ್ಲಿ ಬದಲಾಗಿವೆ: 2016ರ ಡಿಸೆಂಬರಿನಲ್ಲಿ ಪಾಸ್‌ಪೋರ್ಟ್ ನಿಯಮ ಸಡಿಲಗೊಂಡು ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕೆಂದಾಯಿತು, 2018ರ ಡಿಸೆಂಬರಿನಿಂದ ತಾಯಿ ಒಬ್ಬಳೇ ಪೋಷಕಿಯಾಗಿರುವವರಿಗೆ ಪ್ಯಾನ್ ಅರ್ಜಿಯಲ್ಲಿ ತಂದೆಯ ಹೆಸರು ಕಡ್ಡಾಯವಲ್ಲ. ಇನ್ನು ಪ್ರವೇಶದ ಹೊತ್ತಿನಲ್ಲಿ ಮಗುವನ್ನಾಗಲಿ ಪೋಷಕರನ್ನಾಗಲಿ ಆಯ್ಕೆಯ ಪರೀಕ್ಷೆಗೆ ಒಳಪಡಿಸಬಾರದೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೆಯ ಕಲಮು ಹೇಳುತ್ತದೆ. ಅದರ ಬೆಳಕಿನಲ್ಲಿ ನೋಡಿದರೆ ಇಬ್ಬರೂ ಬಂದು ಕೂರಬೇಕೆಂಬ ಸಂದರ್ಶನದ ಒತ್ತಾಯವೇ ಸಲ್ಲದ್ದು.

ಇಷ್ಟು ತಿಳಿದ ಮೇಲೆ ತಾಯಿ ಶಾಲೆಗೆ ಜಗಳಕ್ಕೆ ಹೋಗುವ ಅಗತ್ಯ ಬೀಳಲಿಲ್ಲ. ಮುಖ್ಯೋಪಾಧ್ಯಾಯಿನಿಯವರಿಗೆ ಒಂದು ಪುಟದ ಪತ್ರ ಬರೆದರು. ವಿಚ್ಛೇದನದ ಕಾರಣಗಳನ್ನು ಅದರಲ್ಲಿ ಬರೆಯಲಿಲ್ಲ; ಮಗಳು ತನ್ನ ವಶದಲ್ಲಿದ್ದಾಳೆ, ಶಾಲೆಯ ಎಲ್ಲ ಪತ್ರಗಳಿಗೆ ತಾನು ಸಹಿ ಮಾಡುತ್ತೇನೆ, ಕರೆದೊಯ್ಯಲು ತಾನು ಅಥವಾ ಕೆಳಮನೆಯವರು ಮಾತ್ರ ಬರುತ್ತಾರೆ ಎಂದು ತಿಳಿಸಿ, ಆದೇಶದಲ್ಲಿ ವಶದ ವಿಷಯವಿದ್ದ ಪುಟದ ಪ್ರತಿಯನ್ನಷ್ಟೇ ಲಗತ್ತಿಸಿದರು. ಇಡೀ ಆದೇಶದ ಪ್ರತಿ ಕೊಟ್ಟರೆ ಅದು ಕಚೇರಿಯ ಕಪಾಟಿನಿಂದ ಹೊರಬಂದು ಶಿಕ್ಷಕರ ಕೊಠಡಿಯ ಮಾತಾಗುತ್ತದೆಂಬುದು ವಕೀಲರ ಅನುಭವದ ಮಾತಾಗಿತ್ತು. ಕೊನೆಯಲ್ಲಿ, ಮನೆಯ ವಿಷಯವನ್ನು ತರಗತಿಯಲ್ಲಿ ಎಲ್ಲರ ಮುಂದೆ ಮಗುವಿನಿಂದ ಹೇಳಿಸಬಾರದೆಂದು ಕೋರಿದ್ದರು.

ತರಗತಿಯ ಶಿಕ್ಷಕಿಯನ್ನು ನಾನೂ ಭೇಟಿಯಾದೆ. ಸಜ್ಜನರು, ತಮ್ಮ ಪಾಠ ಒಂದು ಮಗುವಿಗೆ ಹೀಗೆ ತಟ್ಟಿರಬಹುದೆಂದು ಅವರಿಗೆ ಹೊಳೆದಿರಲಿಲ್ಲ. ಅದೇ ತರಗತಿಯಲ್ಲಿ ಅಜ್ಜಿಯ ಮನೆಯಲ್ಲಿ ಬೆಳೆಯುವ, ತಂದೆ ತೀರಿಹೋದ ಮಕ್ಕಳೂ ಇದ್ದಾರೆಂದು ಅವರಾಗಿಯೇ ನೆನಪಿಸಿಕೊಂಡರು. ಅಪ್ಪನ ಕೆಲಸ ಕೇಳುವ ಬದಲು ‘ನಿಮ್ಮ ಮನೆಯಲ್ಲಿ ನಿಮ್ಮ ಜೊತೆ ಇರುವವರು ಯಾರು, ಯಾರು ಯಾವ ಕೆಲಸ ಮಾಡುತ್ತಾರೆ’ ಎಂದು ಬರೆಸಿದರೆ ಪಾಠದ ಉದ್ದೇಶ ಕೆಡುವುದಿಲ್ಲವೆಂದು ಇಬ್ಬರೂ ಮಾತಾಡಿಕೊಂಡೆವು. ಆ ಭೇಟಿಯ ನಂತರ ಅವರು ಹಾಗೆಯೇ ಮಾಡಿದರು.

ಆನಂತರ

ಹೊಟ್ಟೆನೋವು ಒಮ್ಮೆಲೇ ಹೋಗಲಿಲ್ಲ. ದುಬೈಯ ಕಥೆ ಕೇಳಿದ್ದ ಗೆಳತಿಯರು ಒಂದಷ್ಟು ದಿನ ಸುಳ್ಳುಗಾತಿ ಎಂದು ಕಾಡಿದರು, ಆ ದಿನಗಳಲ್ಲಿ ನೋವು ಹೆಚ್ಚಾಯಿತು. ಶಿಕ್ಷಕಿ ನಡುವೆ ಬಂದರು. ಎರಡನೆಯ ಸೆಮಿಸ್ಟರಿನ ಹೊತ್ತಿಗೆ ತಾಯಿ ವೈದ್ಯರ ಬಳಿಗೆ ಹೋಗುವುದು ನಿಂತಿತ್ತು. ಒಬ್ಬ ಗೆಳತಿಯ ಮನೆಯವರು ತಮ್ಮ ಮಗಳನ್ನು ಇವರ ಮನೆಗೆ ಆಡಲು ಕಳಿಸುವುದನ್ನು ಬಿಟ್ಟರು, ಈಗಲೂ ಕಳಿಸುವುದಿಲ್ಲ. ಅದಕ್ಕೆ ಯಾವ ಉತ್ತರವೂ ನನ್ನಲ್ಲಿರಲಿಲ್ಲ, ಕಳಿಸುವ ಮನೆಗಳ ಮಕ್ಕಳನ್ನು ಹೆಚ್ಚು ಕರೆಯಿರಿ ಎಂದಷ್ಟೇ ಹೇಳಿದೆ.

ಮರುವರ್ಷದ ವರಮಹಾಲಕ್ಷ್ಮಿಗೆ ಕೆಳಮನೆಯ ಅತ್ತೆ ಕರೆಯಲಿಲ್ಲ. ಸಂಜೆ ಮನೆಯೊಡತಿ ತಾವೇ ತಾಂಬೂಲ, ಅರಿಶಿನ ಕುಂಕುಮ ಹಿಡಿದು ಮಹಡಿ ಹತ್ತಿ ಬಂದು ತಾಯಿಗೂ ಮಗಳಿಗೂ ಕೊಟ್ಟು ಹೋದರು. ತಾಯಿ ತೆಗೆದುಕೊಂಡರು. ಇದು ಗೌರವವೋ, ಮರೆಯಲ್ಲಿ ಕೊಟ್ಟ ಸಮಾಧಾನವೋ ಎಂದು ನನ್ನನ್ನು ಕೇಳಿದರು. ನನ್ನ ಅಭಿಪ್ರಾಯದಲ್ಲಿ ಎಲ್ಲರ ಜೊತೆ ಕೂರಿಸಿ ಕೊಡದ ಕುಂಕುಮ ಪೂರ್ತಿ ಗೌರವವಲ್ಲ. ಆದರೂ ಅತ್ತೆಯನ್ನು ಮೀರಿ ಮೆಟ್ಟಿಲು ಹತ್ತಿ ಬಂದ ಆ ಹೆಣ್ಣುಮಗಳ ಮನಸ್ಸನ್ನು ಕಡೆಗಣಿಸಲು ನಾನು ಸಿದ್ಧಳಿಲ್ಲ.

ಈಚೆಗೆ ತಂದೆ ಫೋನ್ ಮಾಡಿ ಮಗಳನ್ನು ನೋಡಬೇಕೆಂದು ಕೇಳಿದ್ದಾರೆ. ಒಪ್ಪಂದದ ಪ್ರಕಾರ ಅವರಿಗೆ ಆ ಅವಕಾಶವಿದೆ. ಎಲ್ಲಿ, ಎಷ್ಟು ಹೊತ್ತು, ಮೊದಲ ಭೇಟಿಯಲ್ಲಿ ಯಾರು ಜೊತೆಗಿರಬೇಕು ಎಂಬುದನ್ನು ವಕೀಲರ ಮೂಲಕ ಬರಹದಲ್ಲಿ ಮಾಡಿಕೊಳ್ಳಲು ತಾಯಿ ಹೊರಟಿದ್ದಾರೆ. ಭೇಟಿ ನಡೆದರೆ ಹುಡುಗಿ ಶಾಲೆಯಲ್ಲಿ ಹೇಳುವ ಮಾತಿಗೆ ಇನ್ನೊಂದು ವಾಕ್ಯ ಸೇರಬೇಕಾಗುತ್ತದೆ. ಅದು ಏನಿರಬೇಕೆಂದು ಈ ಸಲ ಅವಳನ್ನೇ ಕೇಳಿ ಬರೆಯುವುದೆಂದು ನಿಶ್ಚಯಿಸಿದ್ದೇವೆ.